ಗಾಡಿ ಬದಲಾಯಿಸಿದ್ದು ನಾನು, ಬದಲಾಗಿದ್ದು ಜನ: ಥಾರ್ ಓಡಿಸೋರೆಲ್ಲ ಪುಂಡರಾ?

ನಾಗರಬಾವಿ_ನಾಗ • ಭಾನುವಾರ, ಬೆಳಿಗ್ಗೆ 7:40

ಒಂಬತ್ತು ವರ್ಷ ವ್ಯಾಗನ್ ಆರ್ ಓಡಿಸಿದೋನು ನಾನು. ಮೂರು ತಿಂಗಳ ಹಿಂದೆ ಅದನ್ನ ಭಾವಮೈದುನನಿಗೆ ಕೊಟ್ಟು ಕಪ್ಪು ಥಾರ್ ತಂದೆ, ಮಹೀಂದ್ರದವರ ಜೀಪಿನಂಥ ಗಾಡಿ, ಮೂರು ಬಾಗಿಲಿನದು. ಊರು ಕೊಪ್ಪದ ಹತ್ತಿರ. ತೋಟದ ಮನೆಗೆ ಕೊನೆಯ ಎರಡು ಕಿಲೋಮೀಟರ್ ಮಣ್ಣು ರಸ್ತೆ, ಮಳೆಗಾಲದಲ್ಲಿ ವ್ಯಾಗನ್ ಆರ್ ಗೇಟಿನ ತನಕ ಹೋಗ್ತಿರಲಿಲ್ಲ. ಅಪ್ಪನಿಗೆ ಬೇರೆ ಮಂಡಿನೋವು. ಮನೆಯಲ್ಲಿ ಕೊಟ್ಟ ಕಾರಣ ಇದು. ಚಿಕ್ಕಂದಿನಿಂದ ಆಸೆ ಇತ್ತು ಅನ್ನೋದನ್ನ ಇಲ್ಲಿ ಮಾತ್ರ ಹೇಳ್ತಿದ್ದೀನಿ.

ತಂದ ದಿನವೇ ಮೇಲಿನ ಮನೆ ಆಂಟಿ, "ಏನಪ್ಪಾ, ಕಾರ್ಪೊರೇಷನ್ ಎಲೆಕ್ಷನ್ನಿಗೆ ನಿಲ್ತೀಯಾ?" ಅಂದ್ರು. ನಕ್ಕು ಸುಮ್ಮನಾದೆ. ಆಮೇಲೆ ರಸ್ತೆಯಲ್ಲಿ ವಿಚಿತ್ರ ಶುರುವಾಯ್ತು. ಸುಮನಹಳ್ಳಿ ಜಂಕ್ಷನ್ನಿನಲ್ಲಿ ಇಂಡಿಕೇಟರ್ ಹಾಕಿ ಐದು ನಿಮಿಷ ಕಾದರೂ ಜಾಗ ಬಿಡದ ಆಟೋದವರು ಈಗ ಇಂಡಿಕೇಟರ್ ಹಾಕೋ ಮುಂಚೆಯೇ ಪಕ್ಕಕ್ಕೆ ಸರೀತಾರೆ. ಸುಳ್ಳು ಯಾಕೆ, ಮೊದಲ ವಾರ ಖುಷಿಯಾಗಿತ್ತು.

ಹೋದ ಗುರುವಾರ ಚಂದ್ರಾ ಲೇಔಟಿನಲ್ಲಿ ಒಬ್ಬ ಅಜ್ಜ ರಸ್ತೆ ದಾಟೋಕೆ ನಿಂತಿದ್ರು, ಕೈಯಲ್ಲಿ ಹಾಲಿನ ಪ್ಯಾಕೆಟ್. ಗಾಡಿ ಪೂರ್ತಿ ನಿಲ್ಲಿಸಿದೆ. ಅವರು ದಾಟಲಿಲ್ಲ. ಕೈ ಸನ್ನೆ ಮಾಡಿದೆ, ಕಾಣಿಸಲಿಲ್ಲವೋ ಏನೋ, ನೀನೇ ಹೋಗು ಅಂತ ಅವರೇ ನನಗೆ ಕೈ ತೋರಿಸಿದ್ರು. ಕಿಟಕಿ ಇಳಿಸಿ, ತಲೆ ಹೊರಗೆ ಹಾಕಿ, "ದಾಟಿ ತಾತ" ಅಂದ ಮೇಲೆ ದಾಟಿದ್ರು. ಅದೂ ಎರಡು ಸಲ ನನ್ನ ಕಡೆ ತಿರುಗಿ ನೋಡ್ಕೊಂಡು. ವ್ಯಾಗನ್ ಆರ್ ನೋಡಿ ಯಾರೂ ಹೆದರಿದ್ದಿಲ್ಲ. ಅದೇ ನಾನು, ಅದೇ ಕಾಲು, ಅದೇ ಬ್ರೇಕು. ಈ ಭಯ ಎಲ್ಲಿಂದ ಬಂತು?


ಆಕ್ಟಿವಾ_ಅಕ್ಕ • 8:15

ಎಲ್ಲಿಂದ ಬಂತು ಅಂತ ನಾನು ಹೇಳ್ತೀನಿ ಕೇಳಿ.

ಕನಕಪುರ ರಸ್ತೆ, ರಾತ್ರಿ ಒಂಬತ್ತೂವರೆ. ಆಫೀಸಿಂದ ಮನೆಗೆ ಹೊರಟಿದ್ದೆ. ಹಿಂದೆ ಒಂದು ದೊಡ್ಡ ಗಾಡಿ ಬಂತು, ಯಾವುದು ಅಂತ ಗೊತ್ತಾಗಲಿಲ್ಲ, ಬೆಳಕು ಮಾತ್ರ. ಕಾರಿನ ಹೆಡ್‌ಲೈಟ್ ಬೆನ್ನಿಗೆ ಬೀಳುತ್ತೆ, ಇದು ತಲೆಗೆ ಬೀಳುತ್ತೆ. ಕನ್ನಡಿಯಲ್ಲಿ ಬಿಳಿ ಬೆಂಕಿ. ಎಡಗೈಯಿಂದ ಕನ್ನಡಿ ತಿರುಗಿಸಿಕೊಂಡೆ. ಆಗ ಇನ್ನೊಂದು ಫಜೀತಿ: ನನ್ನ ನೆರಳೇ ನನ್ನ ಮುಂದೆ ಉದ್ದಕ್ಕೆ ಬಿದ್ದಿತ್ತು, ಹೆಲ್ಮೆಟ್ಟು, ಬ್ಯಾಗು ಎಲ್ಲ ಸೇರಿ ದೆವ್ವದ ಹಾಗೆ. ನನ್ನ ಗಾಡಿಯ ಬಡಪಾಯಿ ಲೈಟು ಆ ಬೆಳಕಿನ ಮುಂದೆ ಹೊತ್ತಿದೆಯೋ ಇಲ್ಲವೋ ಗೊತ್ತಾಗ್ತಿರಲಿಲ್ಲ. ಗುಂಡಿ ಇದ್ದದ್ದು ಆ ನೆರಳಿನ ಒಳಗೆ.

ಬಿದ್ದೆ. ಮೊಣಕೈ ತರಚಿತು, ಅಷ್ಟೇ, ದೇವರು ದೊಡ್ಡೋನು. ಆ ಗಾಡಿ ಪಕ್ಕಕ್ಕೆ ಬಂದು ನಿಂತಿತು, ಕಿಟಕಿ ಅರ್ಧ ಇಳೀತು. ನೀರು ಕೊಡ್ತಾರೆ ಅಂದ್ಕೊಂಡೆ. "ನೋಡ್ಕೊಂಡು ಓಡ್ಸೋಕಾಗಲ್ವಾ ಮೇಡಂ" ಅಂದು ಹೊರಟುಹೋದ್ರು.

ನೀವು ಅವರಲ್ಲ, ಗೊತ್ತು. ಆದ್ರೆ ಆ ತಾತನಿಗೆ ಹೇಗೆ ಗೊತ್ತಾಗಬೇಕು?


ಗುಡ್ಡಕ್ಕೊಂದು_ಗೇರ್ • 8:22

ಎಲ್ಲ ಹೊಟ್ಟೆಕಿಚ್ಚು ಗುರು. ನಾವು ಸಾಲ ಮಾಡಿ ತಗೊಂಡಿದ್ದೀವಿ, ಕದ್ದು ತಂದಿಲ್ಲ. ರೋಡ್ ಟ್ಯಾಕ್ಸ್ ನಿಮಗಿಂತ ಜಾಸ್ತಿ ಕಟ್ಟಿದ್ದೀವಿ. ಜಾಗ ಬಿಟ್ರೆ ಏನು ತಪ್ಪು?


ಆಕ್ಟಿವಾ_ಅಕ್ಕ • 8:25

ಟ್ಯಾಕ್ಸ್ ಜಾಸ್ತಿ ಕಟ್ಟಿದ್ದಕ್ಕೆ ಕಣ್ಣು ಕುಕ್ಕೋ ಹಕ್ಕು ಬಂತಾ? ಹಾಗಿದ್ರೆ ಲಾರಿಯವರು ನಮ್ಮ ಮನೆ ಒಳಗೇ ಬರಬಹುದು.


ಪೇಪರ್_ಪುಟ್ಟಣ್ಣ • 9:05

ಇದು ಬೆಂಗಳೂರಿನ ಕತೆ ಮಾತ್ರ ಅಲ್ಲ. 2025ರ ನವೆಂಬರಿನಲ್ಲಿ ಹರಿಯಾಣದ ಪೊಲೀಸ್ ಮುಖ್ಯಸ್ಥ ಓ.ಪಿ. ಸಿಂಗ್ ಪತ್ರಕರ್ತರ ಮುಂದೆ ಆಡಿದ ಮಾತು ನೆನಪಿದೆಯಾ? ಎಲ್ಲ ಗಾಡಿಯನ್ನೂ ತಡೆಯೋದಿಲ್ಲ, ಆದ್ರೆ ಥಾರ್ ಬಂದ್ರೆ ಬಿಡೋದು ಹೇಗೆ, ಬುಲೆಟ್ ಬೈಕೂ ಅಷ್ಟೇ, ಗಾಡಿ ಆರಿಸಿದ್ದರಲ್ಲೇ ಮನಸ್ಸು ಗೊತ್ತಾಗುತ್ತೆ ಅನ್ನೋ ಧಾಟಿಯಲ್ಲಿ ಹೇಳಿದ್ರು. ಅದು ದೇಶವೆಲ್ಲ ಓಡಾಡಿತು. ಗುರುಗ್ರಾಮದ ಥಾರ್ ಮಾಲೀಕರೊಬ್ಬರು ಅವರಿಗೇ ಲೀಗಲ್ ನೋಟಿಸ್ ಕಳಿಸಿದ್ರು.

ನನ್ನ ಅಭಿಪ್ರಾಯ ಕೇಳಿದ್ರೆ, ಪೊಲೀಸರ ಬಾಯಲ್ಲಿ ಆ ಮಾತು ಬರಬಾರದಿತ್ತು. ಗಾಡಿ ನೋಡಿ ಮನುಷ್ಯನನ್ನ ಅಳೆಯೋದು ಶುರುವಾದ್ರೆ ನಾಳೆ ಅಂಗಿ ನೋಡಿ ಅಳೀತಾರೆ. ಆದ್ರೆ ಆ ವಿಡಿಯೋ ನೋಡಿ ನಮ್ಮ ಮನೆಯಲ್ಲಿ ಎಲ್ಲರೂ ಜೋರಾಗಿ ನಕ್ಕಿದ್ದೂ ನಿಜ. ಯಾಕೆ ನಕ್ಕಿದ್ವಿ ಅಂತ ಆಮೇಲೆ ಯೋಚನೆ ಆಯ್ತು.


ಹುಬ್ಬಳ್ಳಿ_ಹುಲಿಯಪ್ಪ • 9:48

ನಮ್ಮ ಕಡೆ ಥಾರ್ ಈಗೀಗ ಬಂದದ್ದು ಬಿಡ್ರಿ. ಅದಕ್ಕೂ ಮೊದಲ ಬಿಳಿ ಸ್ಕಾರ್ಪಿಯೋ ಅಂದ್ರ ಸಾಕು, ಮಂದಿ ಎದ್ದು ನಿಂದ್ರತಿದ್ರು. ಬಂಪರಿಗೆ ಕೆಂಪು ಬೋರ್ಡು, ಅದರಾಗ ಯಾವುದೋ ಸಂಘದ ಉಪಾಧ್ಯಕ್ಷ ಅಂತ ದೊಡ್ಡ ಅಕ್ಷರ. ಒಳಗ ನೋಡಿದ್ರ ಡ್ರೈವರ್ ಒಬ್ಬನ ಇರ್ತಾನ, ಕಿರಾಣಿ ತರಾಕ ಹೊಂಟಿರ್ತಾನ.

ಆದ್ರ ಒಂದು ಮಾತ ಹೇಳ್ತೀನಿ. ಕ್ರೂಸರ್‌ನೂ ದೊಡ್ಡ ಗಾಡಿನ ಅಲ್ಲೇನ್ರೀ? ಉದ್ದಾನೂ ಐತಿ, ಎತ್ತರಾನೂ ಐತಿ. ಹೊಲಕ್ಕ ಹೋಗೋ ಮಂದಿ, ಸಂತಿಗೆ ಹೋಗೋ ಮಂದಿ, ಬುತ್ತಿ ಗಂಟು, ಆಡಿನ ಮರಿ ಎಲ್ಲಾ ಅದರಾಗ. ಅದನ್ನ ಕಂಡ್ರ ಯಾರಿಗೂ ಸಿಟ್ಟು ಬರಂಗಿಲ್ಲ. ಹಿಂದ ಬಾಗಲದಾಗ ಜೋತು ಬಿದ್ದ ಹುಡುಗ ಕೈ ಮಾಡಿ "ಬರ್ರಿ ಬರ್ರಿ, ಜಾಗಾ ಐತಿ" ಅಂತಾನ. ಜಾಗಾ ಇರಂಗಿಲ್ಲ, ಆ ಮಾತು ಬ್ಯಾರೆ.


ಗ್ಯಾರೇಜ್_ಗಣೇಶ • 10:30

ನಾಗಣ್ಣ, ನಿಮ್ಮದು ಫೋರ್ ಬೈ ಫೋರಾ?


ನಾಗರಬಾವಿ_ನಾಗ • 10:34

ಅಲ್ಲ. ಒಂದೂವರೆ ಲೀಟರ್ ಡೀಸೆಲ್, ಎಂಜಿನ್ ತಿರುಗಿಸೋದು ನಾಲ್ಕೂ ಚಕ್ರ ಅಲ್ಲ, ಹಿಂದಿನ ಚಕ್ರ ಮಾತ್ರ.


ಗ್ಯಾರೇಜ್_ಗಣೇಶ • 11:10

ಹಹ್ಹಾ, ಬೇಜಾರು ಮಾಡ್ಕೋಬೇಡಿ, ನನ್ನ ಹತ್ತಿರ ಬರೋದರಲ್ಲಿ ತುಂಬಾ ಅದೇ. 2023ರ ಜನವರಿಯಲ್ಲಿ ಆ ಮಾಡೆಲ್ ಬಂದಾಗ ಶುರುವಿನ ಬೆಲೆ ಹತ್ತು ಲಕ್ಷದ ಒಳಗೇ ಇತ್ತು. ಉದ್ದ 3985 ಮಿಲಿಮೀಟರ್. ಯಾಕೆ ಅಷ್ಟು ಲೆಕ್ಕಾಚಾರ ಅಂದ್ರೆ ನಾಲ್ಕು ಮೀಟರಿನ ಒಳಗಿದ್ದು, ಡೀಸೆಲ್ ಎಂಜಿನ್ 1500 ಸಿಸಿ ದಾಟದಿದ್ರೆ ಸರ್ಕಾರದ ಲೆಕ್ಕದಲ್ಲಿ ಅದು ಸಣ್ಣ ಕಾರು. ಟ್ಯಾಕ್ಸ್ ಕಟ್ಟೋವಾಗ ಸಣ್ಣದು, ರಸ್ತೆಯಲ್ಲಿ ದೊಡ್ಡದು. ಆ ಮೇಲಿನ ಗೇರಪ್ಪನವರು ಇದನ್ನ ಸ್ವಲ್ಪ ಓದಲಿ.

ಅಂಗಡಿಯಲ್ಲಿ ನಾನು ಕಂಡಿದ್ದು ಹೇಳ್ತೀನಿ. ಗಾಡಿ ತಗೊಂಡ ಹದಿನೈದು ದಿನಕ್ಕೆ ಬರ್ತಾರೆ. ಮುಂದೆ ಬುಲ್ ಗಾರ್ಡ್ ಬೇಕು, ಮೇಲೆ ಎಲ್‌ಇಡಿ ಪಟ್ಟಿ ಬೇಕು, ಟೈರ್ ಅಗಲ ಬೇಕು, ಸೈಲೆನ್ಸರ್ ಸದ್ದು ಬೇಕು. ಬುಲ್ ಗಾರ್ಡ್ ಹಾಕಬಾರದು ಅಂತ ಕೇಂದ್ರ ಸರ್ಕಾರ 2017ರ ಡಿಸೆಂಬರಿನಲ್ಲೇ ಎಲ್ಲ ರಾಜ್ಯಗಳಿಗೂ ಬರೆದಿದೆ, ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52ರ ಪ್ರಕಾರ ಅದು ತಪ್ಪು. ಕಾರಣವೂ ಇದೆ. ಗಾಡಿಯ ಮೂತಿ ಮಡಚಿಕೊಂಡು ಏಟು ನುಂಗಬೇಕು ಅಂತ ಕಂಪನಿಯವರು ಮಾಡಿರ್ತಾರೆ. ಮುಂದೆ ಕಬ್ಬಿಣ ಕಟ್ಟಿದ್ರೆ ಏಟು ನೇರ ಚಾಸಿಗೆ ಹೋಗುತ್ತೆ, ಏರ್‌ಬ್ಯಾಗ್ ಲೆಕ್ಕ ತಪ್ಪುತ್ತೆ, ಎದುರಿಗಿದ್ದ ಮನುಷ್ಯನ ಕತೆ ಮುಗೀತು. ಇಷ್ಟು ಹೇಳಿದ ಮೇಲೆ ಗಿರಾಕಿ ಏನಂತಾನೆ ಗೊತ್ತಾ? "ಅದೆಲ್ಲ ಸರಿ ಅಣ್ಣ, ಆದ್ರೆ ಮುಂದೆ ಖಾಲಿ ಖಾಲಿ ಕಾಣುತ್ತೆ."

ನಾನು ಹಾಕಲ್ಲ ಅಂದ್ರೆ ಪಕ್ಕದ ಬೀದಿಯಲ್ಲಿ ಹಾಕಿಸ್ಕೊಂಡು ನನ್ನ ಅಂಗಡಿ ಮುಂದೆನೇ ಹಾರ್ನ್ ಹೊಡ್ಕೊಂಡು ಹೋಗ್ತಾನೆ. ಮೊದಲು ನಾನೂ ಹಾಕ್ತಿದ್ದೆ, ಮುಚ್ಚಿಡೋದು ಏನಿದೆ. ಲೈಟಿನ ಪಟ್ಟಿ ನಿಲ್ಲಿಸಿದ್ದು 2024ರಲ್ಲಿ, ಕಣ್ಣು ಕುಕ್ಕೋ ಎಲ್‌ಇಡಿಗೆ ರಾಜ್ಯದ ಪೊಲೀಸರು ಕೇಸ್ ಹಾಕೋಕೆ ಶುರು ಮಾಡಿದ ಮೇಲೆ.

ಇನ್ನೊಂದು ಡೌಟು. ಮಂಡಿನೋವು ಇರೋ ಅಪ್ಪಾಜಿ ಥಾರ್ ಹತ್ತೋದು ಹೇಗೆ?


ನಾಗರಬಾವಿ_ನಾಗ • 11:16

ಅಡುಗೆಮನೆಯ ಮಣೆ ಇಡ್ತೀವಿ. ಎರಡು ಮಣೆ. ಈ ವಿಷಯ ಇಲ್ಲಿಗೆ ಬಿಡಿ.


ಕಟ್ಟಿನಹೊಳೆ_ಕಮಾಂಡರ್ • ಮಧ್ಯಾಹ್ನ 1:20

ನಮ್ಮಪ್ಪ ಇಪ್ಪತ್ತೆರಡು ವರ್ಷ ಕೊಡಚಾದ್ರಿ ಗುಡ್ಡಕ್ಕೆ ಜೀಪು ಹೊಡೆದವರು. ಮಹೀಂದ್ರದವರು 1947ರಿಂದ ವಿಲ್ಲಿಸ್ ಜೀಪು ಜೋಡಿಸೋಕೆ ಶುರು ಮಾಡಿದ್ದಂತೆ. ಆ ವಂಶದ ಮರಿಮಗ ಕಮಾಂಡರ್ ನಮ್ಮ ಮನೆಯಲ್ಲಿತ್ತು. ಹಾಗಾಗಿ ಈ ಚರ್ಚೆಯಲ್ಲಿ ನನಗೂ ಒಂದು ಪಾಲಿದೆ.

ಮಳೆಗಾಲದಲ್ಲಿ ಹಿಂದಿನ ಟೈರಿಗೆ ಚೈನು ಸುತ್ತಬೇಕು. ಕೆಸರಲ್ಲಿ ಕೂತು, ಚಿಮಣಿ ಬೆಳಕಲ್ಲಿ, ಉಂಬಳ ಕಾಲು ಹತ್ತುತ್ತಿರುವಾಗ ಕೊಂಡಿ ಸಿಕ್ಕಿಸೋದು ನನ್ನ ಕೆಲಸ, ಆಗ ನನಗೆ ಹನ್ನೆರಡು ವರ್ಷ. ಒಂದು ಆಷಾಢದ ರಾತ್ರಿ ಮೇಲಿನ ಕೇರಿಯಿಂದ ಕಂಬಳಿಕೊಪ್ಪೆ ಹಾಕ್ಕೊಂಡು ಒಬ್ಬರು ಓಡಿ ಬಂದ್ರು. ಹೆಂಡತಿಗೆ ಹೆರಿಗೆ ನೋವು. ಹೊಸನಗರಕ್ಕೆ ಹೋಗಬೇಕು. ಒಂದು ಹೆಡ್‌ಲೈಟು ಕೆಟ್ಟಿತ್ತು. ಹಳ್ಳ ಬಂದಲ್ಲೆಲ್ಲ ನಾನು ಇಳಿದು ಬ್ಯಾಟರಿ ಹಿಡ್ಕೊಂಡು ಮುಂದೆ ನಡೀಬೇಕು, ನೀರು ನನ್ನ ಮೊಣಕಾಲು ದಾಟಿದ್ರೆ ಕೈ ಎತ್ತಬೇಕು, ಅಷ್ಟೇ ನಮ್ಮ ಲೆಕ್ಕ. ಬೆಳಗಿನ ಜಾವ ಮಗು ಆಯ್ತು. ಬಾಡಿಗೆ ಎಷ್ಟಾಯ್ತು ಅಂದಿದ್ದಕ್ಕೆ ಅಪ್ಪ "ಡೀಸೆಲ್ ಹಾಕ್ಸು, ಸಾಕು" ಅಂದ್ರು. ಊರಲ್ಲಿ ಯಾರ ಮನೆ ಮದುವೆಯಾದ್ರೂ ಮೊದಲ ಪಂಕ್ತಿಯಲ್ಲಿ ಅಪ್ಪನಿಗೆ ಎಲೆ ಹಾಕ್ತಿದ್ರು.

ಹಾಗಂತ ಜೀಪಿನವರೆಲ್ಲ ದೇವರಲ್ಲ. ಅಂಗಳದಲ್ಲಿ ಒಣ ಹಾಕಿದ ಅಡಿಕೆ ಮೇಲೆ ಧೂಳು ಎಬ್ಬಿಸಿದ್ದಕ್ಕೆ ಅಪ್ಪ ಬೈಸಿಕೊಂಡಿದ್ದಾರೆ. ಎಂಟು ಜನರ ಜಾಗದಲ್ಲಿ ಹದಿನಾಲ್ಕು ಜನ ತುಂಬಿದ್ದಾರೆ. ಕುಡಿದು ಹೊಡೆಯೋರು ಆಗಲೂ ಇದ್ರು. ಆದ್ರೆ ಬೈಯೋರಿಗೆ ಅವರ ಹೆಸರು ಗೊತ್ತಿತ್ತು, ಅವರಪ್ಪನ ಹೆಸರೂ ಗೊತ್ತಿತ್ತು. ಸಂಜೆ ಮನೆಗೇ ಹೋಗಿ ಬೈತಿದ್ರು.

ಈಗ ಶನಿವಾರ ಬಂದ್ರೆ ಬೆಂಗಳೂರಿನ ಥಾರ್‌ಗಳ ಸಾಲು. ಘಾಟಿಯಲ್ಲಿ ಒಂದು ಪದ್ಧತಿ ಇದೆ, ಕಾನೂನೂ ಅದೇ: ಇಳಿಯೋ ಗಾಡಿ ಹತ್ತೋ ಗಾಡಿಗೆ ದಾರಿ ಬಿಡಬೇಕು. ಲೋಡ್ ಹೊತ್ತು ಹತ್ತೋನು ನಡುವೆ ನಿಂತ್ರೆ ಮತ್ತೆ ಎತ್ತೋದು ಕಷ್ಟ. ಹೋದ ವರ್ಷ ನಮ್ಮಣ್ಣ ಜನ ತುಂಬಿಕೊಂಡು ಹತ್ತುತ್ತಾ ಇದ್ದಾಗ ಎದುರಿಂದ ಮೂರು ಗಾಡಿ ಇಳಿದು ಬಂದು ನಿಂತವು. ರಿವರ್ಸ್ ತಗೊಳ್ಳಿ ಅಂದ್ರೆ ಮೊದಲನೆಯವನು, "ನಂಗೆ ರಿವರ್ಸಲ್ಲಿ ಗುಡ್ಡ ಹತ್ತಿಸೋಕೆ ಬರಲ್ಲ ಬ್ರೋ, ನೀವೇ ತಗೊಳ್ಳಿ." ಎಂಟು ಜನರನ್ನ ಇಳಿಸಿ, ಚಕ್ರಕ್ಕೆ ಕಲ್ಲು ಕೊಡ್ತಾ ಕೊಡ್ತಾ, ಅಣ್ಣ ಅರ್ಧ ಫರ್ಲಾಂಗು ಹಿಂದೆ ಇಳಿದ. ಆ ಹುಡುಗರು ಅದನ್ನ ಮೊಬೈಲಲ್ಲಿ ಹಿಡ್ಕೊಂಡ್ರು. ನಮಗೆ ಸಿಟ್ಟು ಬರೋದು ಗಾಡಿ ದೊಡ್ಡದು ಅಂತಲ್ಲ ಮಾರಾಯ್ರೆ. ಅಷ್ಟು ದೊಡ್ಡ ಗಾಡಿಯಲ್ಲಿ ರಿವರ್ಸ್ ಕಲಿಯದೆ ಬಂದಿದ್ದಾರಲ್ಲ ಅಂತ.


ಮಡಿಕೇರಿ_ಮಂಜು • 1:55

ಮೇಲಿನವರು ಹೇಳಿದ್ದು ನಮ್ಮಲ್ಲೂ ಉಂಟು. 2018ರ ಆಗಸ್ಟಿನಲ್ಲಿ ಗುಡ್ಡ ಜರಿದಾಗ ಮುಕ್ಕೋಡ್ಲು, ಮಕ್ಕಂದೂರು ಕಡೆ ರಸ್ತೆ ಅನ್ನೋದೇ ಇರಲಿಲ್ಲ. ನಮ್ಮ ಚಿಕ್ಕಮ್ಮನ ಮನೆಯವರನ್ನ ಕೆಳಗೆ ತಂದದ್ದು ಒಂದು ಜೀಪು. ಮಾಂದಲಪಟ್ಟಿ ಸೀಸನ್ನಿನಲ್ಲಿ ಅದೇ ಥರ ಜೀಪುಗಳು ತಿರುವಲ್ಲಿ ಹಾರಿಸಿಕೊಂಡು ಬಂದು ನಮ್ಮ ದನ ಬೆದರಿಸ್ತವೆ, ಆಗ ನಾನೇ ರಸ್ತೆಗೆ ಬಂದು ಕೂಗ್ತೇನೆ. ಎರಡೂ ನಿಜ. ಯಾವುದನ್ನ ಮರೀಬೇಕು ಅಂತ ಗೊತ್ತಾಗಲ್ಲ.


ಕಾಫಿತೋಟದ_ಕರಿಯ • 2:10

ಮುಳ್ಳಯ್ಯನಗಿರಿಗೆ ಈಗ ಆನ್‌ಲೈನ್ ಬುಕಿಂಗ್ ಇಲ್ಲದೆ ಬಿಡಲ್ಲ. ಗಾಡಿ ಸಂಖ್ಯೆಗೆ ಮಿತಿ ಹಾಕಿದ್ದಾರೆ, ಒಂದು ಪಾಳಿಗೆ 600. ಆ ಮಿತಿ ಎಲ್ಲರಿಗೂ, ಸಣ್ಣ ಕಾರಿಗೂ. ಆದ್ರೆ ರಸ್ತೆ ಬಿಟ್ಟು ಹುಲ್ಲುಗಾವಲಿಗೆ ಇಳಿಯೋದು ಸಣ್ಣ ಕಾರಿನವನಲ್ಲ, ಅವನಿಗೆ ಆಗೋದೂ ಇಲ್ಲ. ಬೇಸಿಗೆಯಲ್ಲಿ ಹುಲ್ಲಿನ ಮೇಲೆ ಎರಡು ಗೆರೆ ಬೀಳುತ್ತೆ, ಫೋಟೋದಲ್ಲಿ ಚೆಂದ. ಮಳೆ ಬಿದ್ದ ಮೇಲೆ ಅದೇ ಗೆರೆಯಲ್ಲಿ ನೀರು ಇಳಿಯುತ್ತೆ, ಮೂರನೇ ವರ್ಷಕ್ಕೆ ಕೊರಕಲು. ನಮ್ಮ ತೋಟದ ಮೇಲಿನ ಬೋಳುಗುಡ್ಡದಲ್ಲಿ ಆಳುದ್ದದ ಒಂದಿದೆ, ಬಂದ್ರೆ ತೋರಿಸ್ತೇನೆ. ನಡ್ಕೊಂಡು ಬನ್ನಿ.


ಗುಡ್ಡಕ್ಕೊಂದು_ಗೇರ್ • 2:31

ಅಂದ್ರೆ ನಾವು ಎಲ್ಲೂ ಹೋಗಬಾರದಾ? ಸಿಟಿಯಲ್ಲಿ ಓಡಿಸಿದ್ರೆ ಶೋಕಿ, ಗುಡ್ಡಕ್ಕೆ ಹೋದ್ರೆ ಪರಿಸರ ಹಾಳು. ಗಾಡಿ ತಗೊಂಡು ಪೂಜೆ ಮಾಡ್ಕೊಂಡು ಮನೆ ಮುಂದೆ ಇಟ್ಕೋಬೇಕಾ?


ಲಂಡನ್_ಲಕ್ಕವಳ್ಳಿ • ಸಂಜೆ 5:40

ಇಲ್ಲಿ ಇದಕ್ಕೊಂದು ಅಡ್ಡಹೆಸರೇ ಇದೆ, ಚೆಲ್ಸಿ ಟ್ರ್ಯಾಕ್ಟರ್. ಚೆಲ್ಸಿ ಅಂದ್ರೆ ಲಂಡನ್ನಿನ ಸಿರಿವಂತರ ಬಡಾವಣೆ. ಲ್ಯಾಂಡ್ ರೋವರ್ 1948ರಲ್ಲಿ ಬಂದದ್ದು ರೈತರಿಗೆ ಅಂತ. ಈಗ ಅದರ ಮೊಮ್ಮಕ್ಕಳು ಮಕ್ಕಳನ್ನ ಶಾಲೆಗೆ ಬಿಡ್ತಾವೆ, ಕೆಸರು ಕಂಡಿದ್ದು ಜಾಹೀರಾತಿನಲ್ಲಿ ಮಾತ್ರ.

2022ರ ಮಾರ್ಚ್‌ನಲ್ಲಿ ಇಲ್ಲಿ ಒಂದು ಗುಂಪು ಹುಟ್ಟಿಕೊಂಡಿತು, ಟೈರ್ ಎಕ್ಸ್‌ಟಿಂಗ್ವಿಶರ್ಸ್ ಅಂತ. ರಾತ್ರಿ ಹೊತ್ತು ಬಂದು ದೊಡ್ಡ ಗಾಡಿಗಳ ಟೈರಿನ ಗಾಳಿ ಬಿಟ್ಟು, ಸಿಟ್ಟಾಗಬೇಡಿ, ಇದು ನಿಮ್ಮ ಮೇಲಲ್ಲ, ನಿಮ್ಮ ಗಾಡಿ ಮೇಲೆ ಅಂತ ಚೀಟಿ ಇಟ್ಟು ಹೋಗ್ತಿದ್ರು. ಗಾಳಿ ಬಿಡೋಕೆ ಬಳಸ್ತಿದ್ದದ್ದು ಏನು ಗೊತ್ತಾ? ಬೇಳೆ. ವಾಲ್ವಿನ ಮುಚ್ಚಳದೊಳಗೆ ಒಂದು ಕಾಳು ಇಟ್ಟು ತಿರುಗಿಸಿದ್ರೆ ಅದು ಪಿನ್ ಒತ್ತಿ ಹಿಡಿಯುತ್ತೆ, ಬೆಳಗಾಗೋದರಲ್ಲಿ ಟೈರ್ ನೆಲಕ್ಕೆ. ಮೊದಲ ಸಲ ಓದಿದಾಗ ನಮ್ಮಮ್ಮನಿಗೆ ಫೋನಲ್ಲಿ ಹೇಳಿದೆ. "ಸಾರಿಗೆ ಹಾಕೋ ಬೇಳೇನಾ?" ಅಂತ ಅವರಿಗೆ ಅದೇ ಚಿಂತೆ. ನನಗೆ ಆ ಕೆಲಸ ಒಪ್ಪಿಗೆಯಿಲ್ಲ. ಬೆಳಿಗ್ಗೆ ಆಸ್ಪತ್ರೆಗೆ ಹೊರಟವರ ಗಾಡಿ ಅದಾಗಿದ್ರೆ?

ಪ್ಯಾರಿಸ್ಸಿನವರು ಬೇರೆ ದಾರಿ ಹಿಡಿದ್ರು. 2024ರ ಫೆಬ್ರವರಿ 4ರಂದು ಜನಮತ ಕೇಳಿ, ಹೊರಗಿಂದ ಬರೋ ಭಾರದ ಗಾಡಿಗಳಿಗೆ ಊರ ನಡುವಿನ ಪಾರ್ಕಿಂಗ್ ಶುಲ್ಕ ಗಂಟೆಗೆ 18 ಯೂರೋ ಮಾಡಿದ್ರು, ಮೊದಲಿಗಿಂತ ಮೂರು ಪಟ್ಟು. ಶೇಕಡಾ 54ಕ್ಕಿಂತ ಸ್ವಲ್ಪ ಹೆಚ್ಚು ಮತ ಬಂದು ಗೆದ್ದಿತು. ಮಜಾ ಏನಂದ್ರೆ ಮತ ಹಾಕಿದ್ದು ನೂರಕ್ಕೆ ಆರು ಜನರೂ ಅಲ್ಲ, ಮತ್ತು ಊರಿನವರಿಗೆ ಅವರ ಬಡಾವಣೆಯಲ್ಲಿ ಆ ಶುಲ್ಕವೇ ಇಲ್ಲ. ಮತ ನಮ್ಮದು, ದುಡ್ಡು ನಿಮ್ಮದು.


ಅಂಕಿಅಂಶ_ಐತಾಳ • 6:25

ಸಿಟ್ಟು, ಶೋಕಿ ಎಲ್ಲ ಇರಲಿ, ಒಂದು ಲೆಕ್ಕ. 2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ ಸತ್ತವರು 1,68,491. ಅದರಲ್ಲಿ ದ್ವಿಚಕ್ರದವರು 74,897, ನಡೆದು ಹೋಗ್ತಿದ್ದವರು 32,825. ಹೆಚ್ಚುಕಡಿಮೆ ಮೂರರಲ್ಲಿ ಎರಡು ಪಾಲು ಇವರೇ, ಮೈಗೆ ತಗಡಿನ ಕವಚ ಇಲ್ಲದವರು. ಎಲ್ಲರನ್ನೂ ಥಾರ್ ಕೊಂದಿತು ಅಂತ ನಾನು ಹೇಳ್ತಿಲ್ಲ. ಆದ್ರೆ ಆ ತಾತ ಯಾಕೆ ದಾಟಲಿಲ್ಲ ಅನ್ನೋದಕ್ಕೆ ಇದಕ್ಕಿಂತ ಉತ್ತರ ಬೇಕಾ?

ಅಮೆರಿಕದ ವಿಮಾ ಕಂಪನಿಗಳ ಹೆದ್ದಾರಿ ಸುರಕ್ಷಾ ಸಂಸ್ಥೆ 2023ರಲ್ಲಿ ಬಾನೆಟ್ ಎತ್ತರ ಅಳೆದು ನೋಡಿತು. ಬಾನೆಟ್ ಅಂಚು 40 ಇಂಚಿಗಿಂತ ಎತ್ತರ ಇರೋ ಗಾಡಿ ಪಾದಚಾರಿಗೆ ಬಡಿದಾಗ, 30 ಇಂಚಿನೊಳಗಿನ ಇಳಿಜಾರು ಮೂತಿಯ ಗಾಡಿಗಿಂತ ಸಾವಿನ ಸಂಭವ ಸುಮಾರು ಶೇಕಡಾ 45 ಜಾಸ್ತಿ. ತಗ್ಗಿನ ಕಾರು ಕಾಲಿಗೆ ಬಡಿಯುತ್ತೆ, ಮನುಷ್ಯ ಬಾನೆಟ್ ಮೇಲೆ ಬೀಳ್ತಾನೆ. ಎತ್ತರದ್ದು ಎದೆಗೆ ಬಡಿದು ನೆಲಕ್ಕೆ ಕೆಡವುತ್ತೆ. ನಮ್ಮ ಆರು ವರ್ಷದ ಮಗನನ್ನ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ಅಂಥ ಗಾಡಿಯೊಂದರ ಮೂತಿ ಮುಂದೆ ನಿಲ್ಲಿಸಿ, ನಾನು ಡ್ರೈವರ್ ಸೀಟಿನಲ್ಲಿ ಕೂತು ನೋಡಿದೆ. ಟೋಪಿಯ ಕೆಂಪು ಕುಚ್ಚು ಮಾತ್ರ ಕಾಣಿಸ್ತು. ಎರಡು ಹೆಜ್ಜೆ ಮುಂದೆ ಬಾ ಅಂದೆ, ಅದೂ ಹೋಯ್ತು.


ಗುಡ್ಡಕ್ಕೊಂದು_ಗೇರ್ • 6:40

ಅದಕ್ಕೆ ಮುಂದೆ ಕ್ಯಾಮೆರಾ ಹಾಕಿಸ್ಕೋಬಹುದು.


ಅಂಕಿಅಂಶ_ಐತಾಳ • 6:43

ಬುಲ್ ಗಾರ್ಡ್ ಹಾಕಿಸ್ಕೊಂಡವರಲ್ಲಿ ಎಷ್ಟು ಜನ ಹಾಕಿಸ್ಕೊಂಡಿದ್ದಾರೆ, ಗಣೇಶಣ್ಣ?


ಗ್ಯಾರೇಜ್_ಗಣೇಶ • 6:50

ನನ್ನ ಅಂಗಡಿಯಲ್ಲಿ? ಇಬ್ಬರು. ಒಬ್ಬರು ಡಾಕ್ಟರಮ್ಮ.


ಪಡುಕೆರೆ_ಪಾಂಗಾಳ • 7:30

ನಮ್ಮಲ್ಲಿ ಸಮುದ್ರಕ್ಕೇ ಇಳಿಸ್ತಾರೆ ಮಾರಾಯ್ರೆ. ಇಳಿತದ ಹೊತ್ತಲ್ಲಿ ಮರಳು ಗಟ್ಟಿ ಕಾಣ್ತದೆ, ಒಳಗೆ ಹೋಗ್ತಾರೆ, ರೀಲ್ಸ್ ಮಾಡ್ತಾರೆ, ಉಬ್ಬರ ಬರುವಾಗ ಚಕ್ರ ಹೂತಿರ್ತದೆ. ಆಮೇಲೆ ಬಲೆ ಎಳೆಯುವವರನ್ನೇ ಕರೀಬೇಕು. ಹಗ್ಗ ನಮ್ಮದು, ಬೆನ್ನೂ ನಮ್ಮದು. ಕಳೆದ ಸಲ ಎಳೆದು ಮೇಲೆ ಹಾಕಿದ ಮೇಲೆ ಆ ಹುಡುಗ ಅಳ್ಲಿಕ್ಕೇ ಶುರು ಮಾಡಿದ, ಗಾಡಿ ಅವನ ಮಾವನದ್ದಂತೆ. ಬೈಯುವ ಅಂತ ಇದ್ದೆವು. ಚಾ ಕುಡಿಸಿ ಕಳಿಸಿದೆವು. ಎಂತ ಮಾಡುದು.


ವೇದಿಕೆ_ನಿರ್ವಾಹಕ • ರಾತ್ರಿ 9:00

ಗೇರ್ ಅವರದ್ದು ಮತ್ತು ಅವರಿಗೆ ಉತ್ತರವಾಗಿ ಬಂದ ನಾಲ್ಕು ಕಾಮೆಂಟ್ ತೆಗೆದಿದ್ದೇನೆ. ಯಾರ ಅಪ್ಪನನ್ನೂ ಎಳೆದು ತರಬೇಡಿ. ಗಾಡಿ ನಂಬರ್ ಪ್ಲೇಟಿನ ಫೋಟೋ ಹಾಕಬೇಡಿ.


ಗುಡ್ಡಕ್ಕೊಂದು_ಗೇರ್ • 9:34

ಸರಿ, ತಪ್ಪಾಯ್ತು. ಬೆಳಿಗ್ಗೆಯಿಂದ ಓದ್ತಿದ್ದೀನಿ. ಒಂದು ಸತ್ಯ ಹೇಳ್ತೀನಿ, ನಗಬೇಡಿ. ನಾನು ಐದಡಿ ಎರಡಂಗುಲ. ಹತ್ತು ವರ್ಷ ಬೈಕ್ ಓಡಿಸಿದೆ. ಬಿಎಂಟಿಸಿ ಬಸ್ಸಿಂದ ಹಿಡಿದು ನೀರಿನ ಟ್ಯಾಂಕರ್ ತನಕ ಎಲ್ಲರೂ ನನ್ನನ್ನ ಚರಂಡಿ ಕಡೆ ತಳ್ಳಿದೋರೇ. ಥಾರ್ ಹತ್ತಿ ಕೂತ ದಿನ ಮೊದಲ ಸಲ ರಸ್ತೆ ನನಗೂ ಸೇರಿದ್ದು ಅನ್ನಿಸ್ತು. ಅದಕ್ಕೇ ತಗೊಂಡಿದ್ದು. ಆಕ್ಟಿವಾ ಅಕ್ಕ, ಹೈ ಬೀಮ್ ಹಾಕಿದೋನು ನಾನಲ್ಲ, ಆದ್ರೆ ಹಾಕಿಲ್ವೇ ಇಲ್ಲ ಅಂತಾನೂ ಹೇಳೋಕಾಗಲ್ಲ.


ಆಕ್ಟಿವಾ_ಅಕ್ಕ • 9:52

ನಿಮ್ಮನ್ನ ತಳ್ಳಿದ ಟ್ಯಾಂಕರ್ ನಿಮ್ಮ ಮುಂದೆ ಈಗಲೂ ಸರಿಯಲ್ಲ. ಸರಿಯೋದು ನಾನು. ಅದೊಂದು ನೋಡಿ. ಉಳಿದದ್ದಕ್ಕೆ, ಹೇಳಿದ್ದಕ್ಕೆ ಥ್ಯಾಂಕ್ಸ್.


ನಾಗರಬಾವಿ_ನಾಗ • ಮುಂದಿನ ಭಾನುವಾರ, ಸಂಜೆ 6:10

ಊರಿಗೆ ಹೋಗಿ ಬಂದೆ. ಮೊದಲು ಗಣೇಶಣ್ಣನಿಗೆ: ಹಿಂದಿನ ಚಕ್ರದ ಗಾಡಿ ಮಣ್ಣು ರಸ್ತೆಯ ಏರಿನಲ್ಲಿ ಕೂತಿತು. ವ್ಯಾಗನ್ ಆರ್ ಕೂತ ಜಾಗಕ್ಕಿಂತ ಐವತ್ತಡಿ ಮುಂದೆ. ಆಚೆ ಮನೆಯವರ ಪಿಕಪ್ ಎಳೆದು ಹಾಕಿತು. ಅಪ್ಪ ಜಗಲಿ ಮೇಲೆ ಕೂತು ಎಲ್ಲ ನೋಡಿದ್ರು, ಏನೂ ಅನ್ನಲಿಲ್ಲ, ಅದೇ ಕಷ್ಟ.

ಹೆಡ್‌ಲೈಟಿನ ಎತ್ತರ ಸರಿ ಮಾಡೋ ಚಕ್ರ ಡ್ಯಾಶ್‌ಬೋರ್ಡಿನಲ್ಲಿದೆ ಅಂತ ಮೂರು ತಿಂಗಳಲ್ಲಿ ಮೊದಲ ಸಲ ನೋಡಿದೆ. ಈಗ ಬೆಳಕನ್ನ ಕೆಳಗೆ ಇಳಿಸಿದ್ದೀನಿ.

ವಾಪಸ್ ಬರೋವಾಗ ಪೇಟೆ ದಾರಿಯಲ್ಲಿ ಒಬ್ಬ ಅಜ್ಜಿ ಬಾಳೆಗೊನೆ ಪಕ್ಕಕ್ಕಿಟ್ಟುಕೊಂಡು ಕೈ ಅಡ್ಡ ಹಿಡಿದ್ರು. ಗಾಡಿ ಎತ್ತರ ನೋಡಿ ಜೀಪು ಅಂದ್ಕೊಂಡ್ರು. ನಿಲ್ಲಿಸಿದೆ. ಅಜ್ಜಿ ಗೊನೆ ಎತ್ಕೊಂಡು ಸೀದಾ ಹಿಂದಕ್ಕೆ ಹೋದ್ರು, ಹಿಂದಿನ ಸ್ಟೆಪ್ನಿ ಚಕ್ರವನ್ನ ಒಂದು ಸಲ ಕೈಯಲ್ಲಿ ಸವರಿ ನೋಡಿದ್ರು, ಎಡಕ್ಕೆ ಬಂದ್ರು, ಬಲಕ್ಕೆ ಬಂದ್ರು. ನಾನು ಇಳಿದು, ಮುಂದಿನ ಸೀಟು ಮಡಚಿ, ಹಿಂದೆ ಹತ್ತೋ ದಾರಿ ತೋರಿಸಿದೆ. ಒಳಗೆ ಇಣುಕಿ ನೋಡಿದ್ರು.

"ಹತ್ತೂಕೆ ಬಾಗಿಲೇ ಇಲ್ಲ, ಇದೆಂಥ ಜೀಪೋ ಮಾರಾಯ," ಅಂತ ಗೊನೆಯನ್ನ ಮಾತ್ರ ಸೀಟಿನ ಮೇಲೆ ಇಟ್ಟು, "ಇದನ್ನ ಬಸ್‌ಸ್ಟ್ಯಾಂಡಿನ ಹಣ್ಣಿನ ಅಂಗಡಿಗೆ ಕೊಟ್ಟಿರು, ನಾ ಹಿಂದಿನ ಬಸ್ಸಿಗೆ ಬರ್ತೆ" ಅಂದ್ರು.


ಕಟ್ಟಿನಹೊಳೆ_ಕಮಾಂಡರ್ • 6:31

ಕೊಟ್ರಾ?


ನಾಗರಬಾವಿ_ನಾಗ • 6:33

ಕೊಟ್ಟೆ. ನಾಲ್ಕು ಹಣ್ಣು ಸೀಟಿನ ಕೆಳಗೆ ಉದುರಿದ್ವು, ಇವತ್ತು ಸಿಕ್ಕಿದ್ವು.